ಮೂವರು ರಾಲ್ಫ್‌ಗಳು: ಹಳೆಯ ಚರ್ಚ್ ದಫ್ತರದಲ್ಲಿ ಒಬ್ಬ ಪಾದ್ರಿಯ ಸಂಸಾರ

ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಅರ್ಲ್ಸ್ ಕೋನ್ ಅಂತ ಒಂದು ಹಳ್ಳಿ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ನಡುವೆ ಒಂದು ‘ಎಲ್’ ಅಕ್ಷರ ಬರುತ್ತದೆ, ಹೇಳುವಾಗ ಅದನ್ನು ನುಂಗಿಬಿಡುತ್ತಾರೆ. 1641ರಿಂದ 1683ರಲ್ಲಿ ಸಾಯುವ ತನಕ ಆ ಊರಿನ ಪಾದ್ರಿಯಾಗಿದ್ದವನು ರಾಲ್ಫ್ ಜಾಸ್ಲಿನ್. ಅವನ ಹೆಂಡತಿ ಜೇನ್. ಇವರ ವಂಶವೃಕ್ಷ ಬರೆಯಲು ನೀವು ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಹಳೆಯ ದಫ್ತರದಲ್ಲಿ ‘ರಾಲ್ಫನ ಮಗ ರಾಲ್ಫ್’ ಎಂಬ ಸಾಲು ಸಿಕ್ಕಿತು. ಖುಷಿಯಿಂದ ಬರೆದುಕೊಂಡಿರಿ. ಒಂದೆರಡು ಹಾಳೆ ತಿರುಗಿಸಿದರೆ ಮತ್ತೆ ‘ರಾಲ್ಫನ ಮಗ ರಾಲ್ಫ್’. ಇದೇನು, ಒಂದೇ ಮಗುವನ್ನು ಎರಡು ಸಲ ಬರೆದರಾ?

ಇಲ್ಲ. ಮೊದಲ ರಾಲ್ಫ್ 1648ರ ಫೆಬ್ರುವರಿಯಲ್ಲಿ ಹುಟ್ಟಿ ಹತ್ತೇ ದಿನಕ್ಕೆ ತೀರಿಕೊಂಡ. ಮರುವರ್ಷ ಮೇ ತಿಂಗಳಲ್ಲಿ ಇನ್ನೊಂದು ಗಂಡು ಮಗು ಹುಟ್ಟಿದಾಗ ಅದಕ್ಕೂ ಅದೇ ಹೆಸರಿಟ್ಟರು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಅಲ್ಲಿ ಆಗ ತೀರಾ ಸಾಮಾನ್ಯ. ಆ ಎರಡನೆಯ ರಾಲ್ಫ್ ಕೂಡ 1650ರ ಜೂನ್‌ನಲ್ಲಿ ಹೋದ. ಅಂದರೆ ಅಪ್ಪನ ಹೆಸರು ಹೊತ್ತ ಇಬ್ಬರಲ್ಲಿ ಒಬ್ಬನೂ ಬೆಳೆಯಲಿಲ್ಲ. ಮುಂದೆ ಎಲ್ಲೋ 1675ರ ಸುಮಾರಿಗೆ ಪಕ್ಕದ ಊರಿನಲ್ಲಿ ಒಬ್ಬ ರಾಲ್ಫ್ ಜಾಸ್ಲಿನ್ ಮದುವೆಯಾದ ದಾಖಲೆ ನಿಮಗೆ ಸಿಕ್ಕರೆ, ಅವನು ಈ ಪಾದ್ರಿಯ ಮಗನಂತೂ ಅಲ್ಲ. ಆದರೆ ದೀಕ್ಷಾಸ್ನಾನದ, ಅಂದರೆ ಮಗುವನ್ನು ನೀರಿನಿಂದ ಚರ್ಚಿಗೆ ಸೇರಿಸಿಕೊಳ್ಳುವ ಶಾಸ್ತ್ರದ, ಪಟ್ಟಿ ಮಾತ್ರ ನೋಡಿದವರು ಅವನನ್ನು ತಂದು ಇಲ್ಲೇ ಅಂಟಿಸುತ್ತಾರೆ. ಅಂತರ್ಜಾಲದಲ್ಲಿ ಸಿಗುವ ವಂಶವೃಕ್ಷಗಳಲ್ಲಿ ಇಂಥ ತೇಪೆಗಳು ಸಿಕ್ಕಾಪಟ್ಟೆ. ಅದಕ್ಕೇ ನಾನು ಹೇಳುವುದು, ಹುಟ್ಟಿದವರ ಪಟ್ಟಿಗೆ ಕೈ ಹಾಕುವ ಮೊದಲು ಸತ್ತವರ ಪಟ್ಟಿ ಮುಗಿಸಿ. ಯಾರು ಉಳಿದರು ಅಂತ ಗೊತ್ತಾದ ಮೇಲೆ ಯಾರನ್ನು ಹಿಂಬಾಲಿಸಬೇಕು ಅಂತ ತಾನಾಗಿ ತಿಳಿಯುತ್ತದೆ.

ಈ ದಫ್ತರಗಳು ಶುರುವಾದದ್ದು 1538ರಲ್ಲಿ. ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ಒಂದು ಪುಸ್ತಕ ಇಡಬೇಕು. ವಾರವಿಡೀ ನಡೆದ ಮದುವೆ, ದೀಕ್ಷಾಸ್ನಾನ, ಮಣ್ಣು ಮಾಡಿದ್ದು ಎಲ್ಲವನ್ನೂ ಪಾದ್ರಿ ಭಾನುವಾರ ಅದರಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ಒಂದು ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ಊರಿನ ಚರ್ಚ್ ವಾರ್ಡನ್‌ಗಳ ಹತ್ತಿರ. ಬರೆಯದಿದ್ದರೆ ಮೂರು ಶಿಲಿಂಗ್ ನಾಲ್ಕು ಪೆನ್ಸ್ ದಂಡ. ಜನರಿಗೆ ಗುಮಾನಿ. ಹುಟ್ಟು ಸಾವು ಲೆಕ್ಕ ಇಡುತ್ತಿದ್ದಾರೆ ಅಂದರೆ ನಾಳೆ ಅದಕ್ಕೂ ತೆರಿಗೆ ಹಾಕುತ್ತಾರೆ ಅಂತ. ಅವರ ಗುಮಾನಿ ಪೂರ್ತಿ ಸುಳ್ಳೂ ಆಗಲಿಲ್ಲ. 1694ರಲ್ಲಿ ಪಾರ್ಲಿಮೆಂಟ್ ನಿಜವಾಗಿಯೂ ಹುಟ್ಟು, ಮದುವೆ, ಸಾವುಗಳ ಮೇಲೆ ತೆರಿಗೆ ಹಾಕಿತು. ಮದುವೆಯಾಗದ ಗಂಡಸರನ್ನೂ ಬಿಡಲಿಲ್ಲ!

ಮೊದಮೊದಲು ಇದನ್ನೆಲ್ಲ ಬಿಡಿ ಹಾಳೆಗಳಲ್ಲಿ, ಅಗ್ಗದ ಕಾಗದದಲ್ಲಿ ಬರೆಯುತ್ತಿದ್ದರು. ನೆಂದು, ಹರಿದು, ಇಲಿ ತಿಂದು ಹಾಳಾಗುತ್ತಿತ್ತು. ಹಾಗಾಗಿ 1598ರಲ್ಲಿ ಹೊಸ ನಿಯಮ ಬಂತು. ಹಳೆಯದನ್ನೆಲ್ಲ ತೊಗಲಿನ ಹಾಳೆಗೆ ನಕಲು ಮಾಡಿ, ಅದರಲ್ಲೂ ಮುಖ್ಯವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ವರ್ಷದಿಂದ ಈಚೆಗಿನದನ್ನು ಬರೆಯಿರಿ ಅಂದರು. ರಾಣಿ ಪಟ್ಟಕ್ಕೆ ಬಂದದ್ದು 1558ರಲ್ಲಿ. ಸೋಮಾರಿ ನಕಲುಗಾರನಿಗೆ ಇಷ್ಟು ಸಾಕಲ್ವಾ? ಮೊದಲ ಇಪ್ಪತ್ತು ವರ್ಷ ಬಿಟ್ಟು 1558ರಿಂದಲೇ ಶುರು ಮಾಡಿದ. ಎಷ್ಟೋ ಊರುಗಳ ದಫ್ತರ ಇವತ್ತಿಗೂ ಸರಿಯಾಗಿ ಆ ವರ್ಷದಿಂದಲೇ ಆರಂಭವಾಗುವುದು ಹೀಗೆ.

ಈ ನಕಲಿನಲ್ಲಿ ಒಂದು ತಮಾಷೆಯ ಬಲೆಯೂ ಇದೆ. ನಕಲು ಸರಿಯಾಗಿದೆ ಅಂತ ತೋರಿಸಲು ಆಗಿನ ಪಾದ್ರಿ ಪ್ರತಿ ಹಾಳೆಯ ಕೆಳಗೂ ಸಹಿ ಹಾಕುತ್ತಿದ್ದ. ಇದನ್ನು ಅರಿಯದೆ ನೋಡಿದರೆ ಒಬ್ಬನೇ ಪಾದ್ರಿ 1558ರಿಂದ 1600 ದಾಟುವವರೆಗೆ ಒಂದೇ ಕೈಬರಹದಲ್ಲಿ ಬರೆಯುತ್ತಾ ಬಂದ ಹಾಗೆ ಕಾಣುತ್ತದೆ. ಅಬ್ಬಾ ಎಂಥ ದೀರ್ಘಾಯುಷಿ ಅಂತ ಬೆರಗಾಗಬೇಡಿ. ನಲವತ್ತು ವರ್ಷದ ಬರಹದಲ್ಲಿ ಮಸಿಯ ಬಣ್ಣ, ಅಕ್ಷರದ ಓರೆ ಯಾವುದೂ ಬದಲಾಗಿಲ್ಲ ಅಂದರೆ ಅದು ನಕಲು. ನಕಲು ಅಂದಮೇಲೆ ಬಿಟ್ಟುಹೋದ ಸಾಲು, ತಪ್ಪಾಗಿ ಓದಿದ ಹೆಸರು ಇದ್ದೇ ಇರುತ್ತದೆ. ಅದೇ ನಿಯಮದ ಪ್ರಕಾರ ಪ್ರತಿ ವರ್ಷ ದಫ್ತರದ ಒಂದು ಪ್ರತಿ ಬಿಷಪ್ಪರ ಕಚೇರಿಗೂ ಹೋಗಬೇಕಿತ್ತು. ಊರಿನ ಪುಸ್ತಕ ಕಳೆದುಹೋದಾಗ ನಮ್ಮ ಕೈಹಿಡಿಯುವುದು ಈ ಬಿಷಪ್ ಪ್ರತಿಗಳೇ. ಎರಡೂ ಉಳಿದಿದ್ದರೆ ಎರಡನ್ನೂ ನೋಡಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತದೆ.

ಇನ್ನು ಒಳಗೆ ಏನಿರುತ್ತದೆ? ತುಂಬಾ ಕಡಿಮೆ. ದಿನಾಂಕ, ಮಗುವಿನ ಹೆಸರು, ಅಪ್ಪನ ಹೆಸರು. ಎಷ್ಟೋ ಕಡೆ ತಾಯಿಯ ಹೆಸರೇ ಇಲ್ಲ. ಇದ್ದರೂ ‘ಅವನ ಹೆಂಡತಿ ಜೇನ್’ ಅಷ್ಟೇ, ತವರಿನ ಹೆಸರು ಇಲ್ಲ. ಕೊಟ್ಟಿರುವುದು ದೀಕ್ಷಾಸ್ನಾನದ ದಿನವೇ ಹೊರತು ಹುಟ್ಟಿದ ದಿನವಲ್ಲ. ಕೆಲವು ದಫ್ತರಗಳು ಲ್ಯಾಟಿನ್‌ನಲ್ಲಿವೆ. ಅದಕ್ಕೆ ಹೆದರಬೇಕಿಲ್ಲ. ‘ಫಿಲಿಯಸ್’ ಅಂದರೆ ಮಗ, ‘ಫಿಲಿಯಾ’ ಮಗಳು, ‘ಉಕ್ಸರ್’ ಹೆಂಡತಿ, ‘ಸೆಪಲ್ಟಸ್’ ಮಣ್ಣಾದವನು. ಹತ್ತು ಪದ ಕಲಿತರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ನಿಜವಾದ ಕಷ್ಟ ಆ ಕಾಲದ ಕೈಬರಹ. ಅದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ಮದ್ದಿಲ್ಲ.

ಪಾದ್ರಿಯನ್ನು ಗುರುತಿಸುವ ಪದಗಳಲ್ಲೂ ಸ್ವಲ್ಪ ಹುಷಾರಾಗಿರಬೇಕು. ಹೆಸರಿನ ಮುಂದೆ ‘ಕ್ಲರ್ಕ್’ ಅಂತ ಇದ್ದರೆ ಅವನು ಕಚೇರಿ ಗುಮಾಸ್ತನಲ್ಲ. ಲ್ಯಾಟಿನ್ನಿನ ‘ಕ್ಲೆರಿಕಸ್’ ಇಂದ ಬಂದ ಪದ ಅದು, ಅರ್ಥ ಪಾದ್ರಿ. ಆದರೆ ‘ಪ್ಯಾರಿಷ್ ಕ್ಲರ್ಕ್’ ಅಂತ ಇದ್ದರೆ ಅವನು ಪಾದ್ರಿಯಲ್ಲ, ಚರ್ಚಿನಲ್ಲಿ ಸಹಾಯಕ್ಕಿದ್ದ ಊರಿನವನು! ಇನ್ನೂ ಹಿಂದಕ್ಕೆ ಹೋದರೆ ಸಾಮಾನ್ಯ ಪಾದ್ರಿಗಳನ್ನು ‘ಸರ್’ ಅಂತ ಕರೆಯುತ್ತಿದ್ದರು. ನಮ್ಮ ಪೂರ್ವಜ ನೈಟ್ ಪದವಿ ಪಡೆದವನು ಅಂತ ಬೀಗುವವರಲ್ಲಿ ಕೆಲವರ ಪೂರ್ವಜ ಬಡ ಹಳ್ಳಿಯ ಪಾದ್ರಿ ಆಗಿರುವ ಸಾಧ್ಯತೆ ಇದೆ. ‘ರೆಕ್ಟರ್’, ‘ವಿಕಾರ್’ ಎರಡೂ ಪಾದ್ರಿಯೇ. ವ್ಯತ್ಯಾಸ ಆದಾಯದಲ್ಲಿ. ಊರಿನವರು ಚರ್ಚಿಗೆ ಕೊಡಬೇಕಿದ್ದ ಹತ್ತನೇ ಒಂದು ಪಾಲಿಗೆ ದಶಾಂಶ ಅನ್ನುತ್ತಾರೆ. ಬೆಳೆಯ ದೊಡ್ಡ ದಶಾಂಶ ರೆಕ್ಟರ್‌ಗೆ ಸಿಗುತ್ತಿತ್ತು, ವಿಕಾರ್‌ಗೆ ಸಿಗುತ್ತಿದ್ದದ್ದು ಚಿಲ್ಲರೆ ದಶಾಂಶ. ಜಾಸ್ಲಿನ್ ವಿಕಾರ್ ಆಗಿದ್ದ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಅನಿಸುವುದು ಪಾದ್ರಿಗೆ ಸಂಸಾರ ಇರಬಹುದೇ ಎಂಬ ಪ್ರಶ್ನೆಯೇ. ದಫ್ತರ ಶುರುವಾದ 1538ರಲ್ಲಿ ಇಂಗ್ಲೆಂಡಿನ ಪಾದ್ರಿ ಮದುವೆಯಾಗುವಂತಿರಲಿಲ್ಲ. ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಜಗಳ ಮಾಡಿ ಬೇರೆಯಾದರೂ ಇದೊಂದು ವಿಷಯದಲ್ಲಿ ಹಳೆಯ ಕಟ್ಟಳೆ ಬಿಡಲಿಲ್ಲ. ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ, 1549ರಲ್ಲಿ, ಪಾದ್ರಿಗಳ ಮದುವೆಗೆ ಕಾನೂನು ಒಪ್ಪಿತು. ನೂರಾರು ಮಂದಿ ಮದುವೆಯಾದರು. ಆದರೆ 1553ರಲ್ಲಿ ಎಡ್ವರ್ಡ್ ಸತ್ತು ಕ್ಯಾಥೊಲಿಕ್ ರಾಣಿ ಮೇರಿ ಬಂದಳು. ಮದುವೆಯಾದ ಪಾದ್ರಿಗಳ ಕೆಲಸ ಹೋಯಿತು. ಹೆಂಡತಿಯನ್ನು ಬಿಟ್ಟರೆ ಮಾತ್ರ ಬೇರೆ ಊರಿನಲ್ಲಿ ಕೆಲಸ ಸಿಗುವ ಆಸೆ. ಐದು ವರ್ಷದ ನಂತರ ಎಲಿಜಬೆತ್ ಬಂದಾಗ ಮತ್ತೆ ಗಾಳಿ ತಿರುಗಿತು, ಅದೂ ಅರ್ಧ ಮಾತ್ರ. 1559ರ ಆಕೆಯ ಆಜ್ಞೆ ಓದಿದರೆ ನಗು ಬರುತ್ತದೆ. ಪಾದ್ರಿ ಮದುವೆಯಾಗಬೇಕಾದರೆ ಮೊದಲು ಬಿಷಪ್ಪರೂ ಆ ಸೀಮೆಯ ಇಬ್ಬರು ನ್ಯಾಯಾಧಿಕಾರಿಗಳೂ ಹುಡುಗಿಯನ್ನು ವಿಚಾರಿಸಿ ಒಪ್ಪಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕೆ ಸರ್ಕಾರಿ ಪಡೆ! ಕಾನೂನು ಪೂರ್ತಿ ಸರಿಹೋಗಿದ್ದು ಒಂದನೇ ಜೇಮ್ಸ್ ಕಾಲಕ್ಕೆ, 1604ರಲ್ಲಿ.

ಹುಡುಕುವವರಿಗೆ ಇದರಿಂದ ಆಗುವ ಪರಿಣಾಮ ದೊಡ್ಡದು. ಮ್ಯಾಥ್ಯೂ ಪಾರ್ಕರ್ ಎಂಬ ಪಾದ್ರಿ ಕಾನೂನು ಬದಲಾಗುವ ಎರಡು ವರ್ಷ ಮೊದಲೇ, 1547ರಲ್ಲಿ, ಮಾರ್ಗರೆಟ್ ಹಾರ್ಲ್‌ಸ್ಟನ್ ಎಂಬಾಕೆಯನ್ನು ಮದುವೆಯಾದ. ಮೇರಿಯ ಕಾಲದಲ್ಲಿ ಹುದ್ದೆ ಕಳೆದುಕೊಂಡ. ಎಲಿಜಬೆತ್ ಕಾಲದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನೇ ಆದ. ಅಂಥವನ ಮನೆಯಲ್ಲಿ ಊಟ ಮಾಡಿ ಹೊರಡುವಾಗ ರಾಣಿ ಅವನ ಹೆಂಡತಿಗೆ, ನಿನ್ನನ್ನು ಏನಂತ ಕರೆಯಲಿ, ಮೇಡಂ ಅನ್ನುವಂತಿಲ್ಲ, ಇನ್ನೊಂದು ಹೆಸರಿನಿಂದ ಕರೆಯಲು ನನಗೇ ನಾಚಿಕೆ ಅಂದಳಂತೆ. ಕತೆ ಪೂರ್ತಿ ನಿಜವೋ ಅಲ್ಲವೋ, ಆ ಕಾಲದ ಮುಜುಗರವನ್ನು ಚೆನ್ನಾಗಿ ಹಿಡಿದಿದೆ. ಆರ್ಚ್‌ಬಿಷಪ್ಪನ ಹೆಂಡತಿಗೇ ಈ ಗತಿಯಾದರೆ ಹಳ್ಳಿಯ ಪಾದ್ರಿಯ ಹೆಂಡತಿಯ ಕತೆ ಏನು? ಮೇರಿಯ ಐದು ವರ್ಷಗಳಲ್ಲಿ ಅಪ್ಪ ಒಂದು ಊರಲ್ಲಿ, ತಾಯಿ ಮಕ್ಕಳು ಇನ್ನೊಂದು ಊರಲ್ಲಿ. 1540, 50ರ ದಶಕದ ಪಾದ್ರಿಯ ಮಗು ದಫ್ತರದಲ್ಲಿ ಸಿಗಲಿಲ್ಲ ಅಂದರೆ ಹುಟ್ಟಲೇ ಇಲ್ಲ ಅಂತ ತೀರ್ಮಾನಿಸಬೇಡಿ. ತಾಯಿಯ ತವರಿನ ದಫ್ತರ ಒಮ್ಮೆ ತಿರುಗಿಸಿ ನೋಡಿ.

ಜಾಸ್ಲಿನ್ ಕಾಲಕ್ಕೆ ಈ ತಾಪತ್ರಯ ಮುಗಿದಿತ್ತು. ಆದರೆ ಬೇರೆ ತಾಪತ್ರಯಗಳಿದ್ದವು. ಮೊದಲನೆಯದು ಕ್ಯಾಲೆಂಡರ್. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾಸ್ಲಿನ್ ಎಸೆಕ್ಸ್‌ನ ರಾಕ್ಸ್‌ವೆಲ್ ಎಂಬಲ್ಲಿ ಹುಟ್ಟಿದ್ದು ನಮ್ಮ ಲೆಕ್ಕದಲ್ಲಿ 1617ರ ಜನವರಿ, ಅವರ ಲೆಕ್ಕದಲ್ಲಿ 1616. ಹತ್ತು ದಿನ ಬದುಕಿದ ಆ ಕೂಸು ಹುಟ್ಟಿದ್ದೂ ಅವರ ಲೆಕ್ಕದಲ್ಲಿ 1647ರ ಫೆಬ್ರುವರಿ. ಇದನ್ನು ಮರೆತರೆ ಏನಾಗುತ್ತದೆ ನೋಡಿ. ಒಂದು ಮಗು 1640ರ ಡಿಸೆಂಬರ್‌ನಲ್ಲಿ ಹುಟ್ಟಿ ಮುಂದಿನ ತಿಂಗಳೇ ಸತ್ತಿತು ಅನ್ನಿ. ದಫ್ತರದಲ್ಲಿ ಸಾವಿನ ದಿನ 1640ರ ಜನವರಿ ಅಂತಲೇ ಇರುತ್ತದೆ. ಮಗು ಹುಟ್ಟುವ ಹನ್ನೊಂದು ತಿಂಗಳ ಮೊದಲೇ ಸತ್ತ ಹಾಗಾಯಿತು! ಆಗ ಹುಡುಕುವವರು ಇದು ಬೇರೆ ಮಗು ಇರಬೇಕು ಅಂತ ಭಾವಿಸಿ ಸತ್ತ ಮಗುವನ್ನು ಬದುಕಿಸಿಬಿಡುತ್ತಾರೆ. ಜನವರಿ 1ರಿಂದ ಮಾರ್ಚ್ 24ರ ನಡುವಿನ ಯಾವ ದಿನಾಂಕ ಕಂಡರೂ ಎರಡೂ ವರ್ಷ ಬರೆದುಕೊಳ್ಳುವುದು ಒಳ್ಳೆಯದು, 1647/8 ಅಂತ.

ಎರಡನೆಯದು ಅಂತರ್ಯುದ್ಧ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ಎಷ್ಟೋ ಊರುಗಳಲ್ಲಿ ಪಾದ್ರಿ ಓಡಿಹೋದ, ಇಲ್ಲವೇ ಓಡಿಸಿದರು. ಪುಸ್ತಕದಲ್ಲಿ ಖಾಲಿ ಹಾಳೆಗಳು. 1653ರಲ್ಲಿ ಇನ್ನೂ ವಿಚಿತ್ರ ಕಾನೂನು ಬಂತು. ದಫ್ತರ ಪಾದ್ರಿಯ ಕೈಯಿಂದ ಹೋಯಿತು, ಊರಿನವರು ಆರಿಸಿದ ಒಬ್ಬನ ಕೈಗೆ ಬಂತು. ದೀಕ್ಷಾಸ್ನಾನದ ಬದಲು ಹುಟ್ಟಿದ ದಿನ ಬರೆಯಬೇಕು. ಮದುವೆ ನ್ಯಾಯಾಧಿಕಾರಿಯ ಮುಂದೆ ಆಗಬೇಕು. ಮದುವೆಯ ಸೂಚನೆಯನ್ನು ಚರ್ಚಿನಲ್ಲಿ ಬೇಡವಾದರೆ ಸಂತೆಯ ದಿನ ಸಂತೆಯಲ್ಲೇ ಕೂಗಬಹುದು. 1660ರಲ್ಲಿ ರಾಜರ ಆಳ್ವಿಕೆ ವಾಪಸ್ ಬರುವವರೆಗೆ ಹೀಗೇ ನಡೆಯಿತು. ಜಾಸ್ಲಿನ್ ಮಕ್ಕಳಲ್ಲಿ 1654ರ ಆನ್, 1658ರ ಮೇರಿ ಹುಟ್ಟಿದ್ದು ಈ ನಡುಗಾಲದಲ್ಲಿ. ಆಮೇಲೆ 1662ರಲ್ಲಿ ಚರ್ಚ್ ಪ್ರಾರ್ಥನೆಯ ಹೊಸ ಕಟ್ಟಳೆ ಒಪ್ಪದ ಪಾದ್ರಿಗಳನ್ನು ಹೊರಹಾಕಿದರು. ಅದಕ್ಕೆ ಮೊದಲು ಹೋದವರನ್ನೂ ಸೇರಿಸಿದರೆ ಸುಮಾರು ಎರಡು ಸಾವಿರ ಮಂದಿ. ಒಬ್ಬ ಪಾದ್ರಿಯ ಸಂಸಾರ ಆ ವರ್ಷ ದಫ್ತರದಿಂದ ಇದ್ದಕ್ಕಿದ್ದಂತೆ ಮಾಯವಾದರೆ ಕಾರಣ ಸಾವೇ ಆಗಿರಬೇಕಿಲ್ಲ. ಜಾಸ್ಲಿನ್ ಹೊಸ ಕಟ್ಟಳೆಯನ್ನು ಮನಸಾರೆ ಒಪ್ಪಿದವನಲ್ಲ, ಆದರೂ ಹೇಗೋ ಉಳಿದುಕೊಂಡ.

ಪಾದ್ರಿ ಒಂದೇ ಊರಿನವನಲ್ಲ ಅನ್ನುವುದನ್ನೂ ನೆನಪಿಡಬೇಕು. ರೈತನ ಮನೆತನವನ್ನು ಒಂದೇ ದಫ್ತರದಲ್ಲಿ ನೂರು ವರ್ಷ ಹಿಂಬಾಲಿಸಬಹುದು. ಪಾದ್ರಿ ಎಲ್ಲಿ ಕೆಲಸ ಸಿಕ್ಕರೆ ಅಲ್ಲಿಗೆ ಹೋದ. ಜಾಸ್ಲಿನ್ ಹುಟ್ಟಿದ್ದು ಒಂದು ಕಡೆ, ಓದಿದ್ದು ಕೇಂಬ್ರಿಜ್‌ನ ಜೀಸಸ್ ಕಾಲೇಜಿನಲ್ಲಿ. ಆಮೇಲೆ ಬಕಿಂಗ್‌ಹ್ಯಾಂಷೈರ್‌ನ ಓಲ್ನಿಯಲ್ಲಿದ್ದ. ಅಲ್ಲೇ ಚರ್ಚಿನಲ್ಲಿ ಜೇನ್ ಕಾನ್ಸ್‌ಟೇಬಲ್ ಎಂಬ ಹುಡುಗಿ ಕಣ್ಣಿಗೆ ಬಿದ್ದಳು. ಕಾನ್ಸ್‌ಟೇಬಲ್ ಅವಳ ಮನೆತನದ ಹೆಸರು, ಪೊಲೀಸಿಗೂ ಅದಕ್ಕೂ ಸಂಬಂಧವಿಲ್ಲ. 1640ರ ಅಕ್ಟೋಬರ್‌ನಲ್ಲಿ ಓಲ್ನಿಯಲ್ಲೇ ಮದುವೆ. ಮರುವರ್ಷ ಅರ್ಲ್ಸ್ ಕೋನ್. ನೀವು ಅರ್ಲ್ಸ್ ಕೋನ್ ದಫ್ತರವನ್ನು ಎಷ್ಟು ಜಾಲಾಡಿದರೂ ಈ ಮದುವೆ ಸಿಗುವುದಿಲ್ಲ. ಮದುವೆ ಹೆಣ್ಣಿನ ಊರಲ್ಲಿ ಆಗುವುದೇ ವಾಡಿಕೆ.

ಹಾಗಾದರೆ ಪಾದ್ರಿ ಯಾವ ಯಾವ ಊರಲ್ಲಿದ್ದ ಅಂತ ತಿಳಿಯುವುದು ಹೇಗೆ? ಇಲ್ಲಿ ಪಾದ್ರಿಯ ಬೆನ್ನು ಹತ್ತಿದವರಿಗೆ ರೈತನ ಬೆನ್ನು ಹತ್ತಿದವರಿಗಿಂತ ಅನುಕೂಲ ಜಾಸ್ತಿ. ಪಾದ್ರಿ ದೀಕ್ಷೆ ಪಡೆದದ್ದು, ನೇಮಕವಾದದ್ದು, ಬಿಟ್ಟು ಹೋದದ್ದು ಎಲ್ಲ ಬಿಷಪ್ ಕಚೇರಿಯ ಪುಸ್ತಕಗಳಲ್ಲಿದೆ. 1540ರಿಂದ 1835ರವರೆಗಿನ ಇಂಥ ದಾಖಲೆಗಳನ್ನು ಒಟ್ಟು ಮಾಡಿ ‘ಕ್ಲರ್ಜಿ ಆಫ್ ದಿ ಚರ್ಚ್ ಆಫ್ ಇಂಗ್ಲೆಂಡ್ ಡೇಟಾಬೇಸ್’ ಎಂಬ ಉಚಿತ ಜಾಲತಾಣ ಮಾಡಿದ್ದಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದವರ ದೊಡ್ಡ ಪಟ್ಟಿಗಳು ಅಚ್ಚಾಗಿವೆ. ಆಕ್ಸ್‌ಫರ್ಡಿನ ಪಟ್ಟಿಯಲ್ಲಿ ಹುಡುಗನ ಅಪ್ಪ ಪಾದ್ರಿಯಾಗಿದ್ದರೆ ‘ಪಾದ್ರಿಯ ಮಗ’ ಎಂಬರ್ಥದ ಲ್ಯಾಟಿನ್ ಗುರುತು ಇರುತ್ತದೆ. ಅಪ್ಪನ ಅಂತಸ್ತಿಗೆ ತಕ್ಕ ಶುಲ್ಕ ವಸೂಲಿ ಮಾಡಲು ಬರೆದದ್ದು, ನಮಗೆ ವರವಾಯಿತು. 1604ರ ಕಟ್ಟಳೆಯಂತೆ ಪಾದ್ರಿಯಾಗಲು ಇಪ್ಪತ್ನಾಲ್ಕು ತುಂಬಿರಬೇಕಿತ್ತು. ಎಲ್ಲರೂ ಪಾಲಿಸಲಿಲ್ಲ, ಆದರೂ ದೀಕ್ಷೆಯ ವರ್ಷದಿಂದ ಹಿಂದಕ್ಕೆ ಎಣಿಸಿದರೆ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ಹೀಗೆ ಊರುಗಳ ಪಟ್ಟಿ ಮೊದಲು ಮಾಡಿಕೊಂಡು, ಆಮೇಲೆ ಒಂದೊಂದೇ ಊರಿನ ದಫ್ತರ ತೆಗೆಯಬೇಕು. ಸುಮ್ನೆ ಮನೆತನದ ಹೆಸರು ಟೈಪ್ ಮಾಡಿ ಬಂದದ್ದನ್ನೆಲ್ಲ ಬಾಚಿಕೊಂಡರೆ ಉಪಯೋಗವಿಲ್ಲ. ಒಂದೇ ಹೆಸರನ್ನು ಜಾಸ್ಲಿನ್, ಜಾಸೆಲಿನ್, ಜಾಸ್ಲೈನ್ ಅಂತ ಹೇಗೆ ಬೇಕಾದರೂ ಬರೆಯುತ್ತಿದ್ದ ಕಾಲ ಅದು.

ಉಯಿಲು ಸಿಕ್ಕರಂತೂ ಹಬ್ಬ. 1858ಕ್ಕೆ ಮೊದಲು ಉಯಿಲುಗಳನ್ನು ನೋಡಿಕೊಳ್ಳುತ್ತಿದ್ದದ್ದು ಚರ್ಚ್ ನ್ಯಾಯಾಲಯಗಳು. ಬದುಕಿರುವ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಒಂದೇ ಹಾಳೆಯಲ್ಲಿ ಸಿಗುತ್ತಾರೆ. ಆದರೆ ಸಂಬಂಧದ ಪದಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಆಗಿನ ಇಂಗ್ಲಿಷಿನಲ್ಲಿ ‘ಸನ್’ ಅಂದರೆ ಅಳಿಯನೂ ಆಗಬಹುದು, ‘ಕಸಿನ್’ ಅಂದರೆ ಅಣ್ಣನ ಮಗನೂ ಆಗಬಹುದು, ‘ಮದರ್ ಇನ್ ಲಾ’ ಅಂದರೆ ಮಲತಾಯಿಯೂ ಆಗಬಹುದು. ಭಾವ, ಮೈದುನ, ಷಡ್ಡಕ ಅಂತ ಬೇರೆ ಬೇರೆ ಕರೆದು ಅಭ್ಯಾಸವಾದ ನಮಗೆ ಇದು ತಲೆನೋವೇ.

ಇಷ್ಟೆಲ್ಲ ಮಾಡಿದರೂ ದಫ್ತರ ಹೇಳದೇ ಬಿಡುವುದು ಎಷ್ಟು ಎಂಬುದು ಜಾಸ್ಲಿನ್ ವಿಷಯದಲ್ಲಿ ನಮಗೆ ಗೊತ್ತಾಗುತ್ತದೆ. ಯಾಕೆಂದರೆ ಅವನು ನಲವತ್ತು ವರ್ಷ ದಿನಚರಿ ಬರೆದ, ಅದು ಉಳಿದಿದೆ. 1976ರಲ್ಲಿ ಪೂರ್ತಿ ಅಚ್ಚಾಯಿತು. ಅರ್ಲ್ಸ್ ಕೋನ್‌ನ ಹಳೆಯ ದಾಖಲೆಗಳೂ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ಜೇನ್ ಹತ್ತು ಮಕ್ಕಳನ್ನು ಹೆತ್ತಳು. ಅದಲ್ಲದೆ ಅವಳಿಗೆ ಹಲವು ಸಲ ಗರ್ಭಪಾತವಾದದ್ದು ದಿನಚರಿಯಲ್ಲಿದೆ. ದಫ್ತರದಲ್ಲಿ ಅದಕ್ಕೆ ಜಾಗವೇ ಇಲ್ಲ. ಎರಡು ಹೆರಿಗೆಗಳ ನಡುವೆ ಮೂರು ನಾಲ್ಕು ವರ್ಷದ ಅಂತರ ಕಂಡರೆ ಅದು ಬರೀ ಅಂತರ ಆಗಿರಬೇಕಿಲ್ಲ.

1650ರ ಮೇ 27ರಂದು ಹಿರಿಯ ಮಗಳು ಮೇರಿ ಸತ್ತಳು. ಆಗ ಅವಳಿಗೆ ಎಂಟು ವರ್ಷ ನಲವತ್ತೈದು ದಿನ ಅಂತ ಅಪ್ಪ ಲೆಕ್ಕ ಹಾಕಿ ಬರೆದಿದ್ದಾನೆ. ಒಂದೇ ವಾರದಲ್ಲಿ, ಜೂನ್ 2ಕ್ಕೆ, ಎರಡನೆಯ ರಾಲ್ಫ್. ದಫ್ತರದಲ್ಲಿ ಇಂಥದ್ದು ಎರಡು ಸಾಲು, ಅಷ್ಟೇ. 1658ರಲ್ಲಿ ಹುಟ್ಟಿದ ಮಗಳಿಗೆ ಮತ್ತೆ ಮೇರಿ ಅಂತಲೇ ಹೆಸರಿಟ್ಟರು. 1673ರಲ್ಲಿ ಇನ್ನೆರಡು ಸಾವು, ಜೂನ್‌ನಲ್ಲಿ ಮಗ ಥಾಮಸ್, ಜುಲೈನಲ್ಲಿ ಮಗಳು ಆನ್. ಹೀಗೆ ಸತ್ತವರನ್ನು ಒಬ್ಬೊಬ್ಬರಾಗಿ ತೆಗೆದರೆ ಹತ್ತು ಮಕ್ಕಳಲ್ಲಿ ಐವರು ಉಳಿಯುತ್ತಾರೆ. ಜೇನ್, ಜಾನ್, ಎರಡನೆಯ ಮೇರಿ, ಎಲಿಜಬೆತ್, ರೆಬೆಕಾ. ಈಗ ಹುಡುಕಾಟ ಎಷ್ಟು ಸಲೀಸಾಯಿತು ನೋಡಿ.

ಆದರೆ ಉಳಿದವರೂ ಊರಲ್ಲಿ ಉಳಿಯಲಿಲ್ಲ. ಈ ಮನೆಯ ಮಕ್ಕಳು ಹತ್ತರಿಂದ ಹದಿನೈದರ ವಯಸ್ಸಿಗೆ ಕೆಲಸ ಕಲಿಯಲು, ಓದಲು, ಬೇರೆ ಮನೆಗಳಲ್ಲಿರಲು ಹೊರಟುಬಿಡುತ್ತಿದ್ದರು. ಲಂಡನ್ ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದಲ್ಲೇ ಇತ್ತು. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಹೆಸರೂ ಬದಲು. ಹಿರಿಯ ಜೇನ್ 1670ರಲ್ಲಿ ವುಡ್‌ಥಾರ್ಪ್ ಆದಳು. ಮುಂದಿನ ತಲೆಮಾರುಗಳಲ್ಲಿ ಇಂಥ ಪಾದ್ರಿ ಮನೆಗಳ ಹುಡುಗರು ಈಸ್ಟ್ ಇಂಡಿಯಾ ಕಂಪನಿ ಸೇರಿ ಹಡಗು ಹತ್ತಿದ್ದೂ ಉಂಟು. ಅಲ್ಲಿಗೆ ದಾರಿ ಮುಗಿಯಿತು ಅನ್ನಬೇಡಿ. ಊರಿನ ಪಾದ್ರಿ ಬಿಷಪ್ಪರಿಗೆ ನಕಲು ಕಳಿಸಿದ ಹಾಗೆ, ಕಂಪನಿಯ ಪಾದ್ರಿಗಳೂ ಇಲ್ಲಿನ ದಫ್ತರದ ನಕಲನ್ನು ಲಂಡನ್‌ಗೆ ಕಳಿಸುತ್ತಿದ್ದರು. ಬೆಂಗಳೂರು ದಂಡಿನ ಚರ್ಚುಗಳ ನಕಲು ಮದ್ರಾಸಿನ ಮೂಲಕ ಹೋದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಜಾಸ್ಲಿನ್ ಮನೆಯಲ್ಲಿ ಅಪ್ಪನ ಹೆಸರು ಮುಂದುವರಿಸಲು ಉಳಿದ ಗಂಡು ಮಗ ಜಾನ್ ಒಬ್ಬನೇ. ಮಹಾ ಪುಂಡ. ಆಸ್ತಿಯಿಂದ ಹೊರಗಿಡುತ್ತೇನೆ ಅಂತ ಅಪ್ಪ ಮನೆಯವರೆಲ್ಲರ ಎದುರಿಗೆ ಬೆದರಿಸಿದ್ದೂ ಆಗಿತ್ತು. 1681ರಲ್ಲಿ ಅವನು ತಂದೆಗೆ ಒಂದು ಮಾತೂ ಹೇಳದೆ ಮದುವೆಯಾದ. ದೇವರು ಅವನ ತಪ್ಪು ಕ್ಷಮಿಸಲಿ ಅಂತ ಅಪ್ಪ ದಿನಚರಿಯಲ್ಲಿ ಬರೆದುಕೊಂಡ. ಊರಿನ ಮದುವೆಗಳನ್ನೆಲ್ಲ ಮಾಡಿಸುತ್ತಿದ್ದವನು, ದಫ್ತರ ಇಟ್ಟವನು ಇದೇ ಅಪ್ಪ. ಅವನಿಗೇ ಗೊತ್ತಿಲ್ಲದ ಮದುವೆ ಅವನ ಚರ್ಚಿನ ಪುಸ್ತಕದಲ್ಲಿ ಹೇಗಿದ್ದೀತು? ಜಾನ್‌ನನ್ನು ಹುಡುಕುವವರು ಅರ್ಲ್ಸ್ ಕೋನ್ ದಫ್ತರ ಮುಚ್ಚಿಟ್ಟು, ಪಕ್ಕದ ಹಳ್ಳಿಗಳಿಂದ ಶುರು ಮಾಡಬೇಕು.